ನ್ಯಾಯಿಕ ಮನೋವಿಜ್ಞಾನ: ಹೊಸೂರು ರಸ್ತೆಯ ಎರಡು ಪರಂಪರೆಗಳು

ಜಯನಗರದ ಪೂರ್ವಕ್ಕೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿದರೆ ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ. ಇವೆರಡರ ನಡುವಿನ ಅಂತರ ಕೆಲವೇ ಕಿಲೋಮೀಟರು. ಆದರೆ ಆರೋಪಿಯ ಮನಸ್ಸನ್ನು ಕುರಿತು ಇವು ಎತ್ತಿದ ಪ್ರಶ್ನೆಗಳು ಬೇರೆ ಬೇರೆ. ತಾನು ಮಾಡಿದ್ದರ ಅರಿವು ಈತನಿಗಿತ್ತೇ, ವಿಚಾರಣೆಯನ್ನು ಎದುರಿಸಲು ಈತ ಶಕ್ತನೇ ಎಂಬುದು ಮೊದಲನೆಯದು. ಈತ ಏನನ್ನು ಬಚ್ಚಿಟ್ಟಿದ್ದಾನೆ ಎಂಬುದು ಎರಡನೆಯದು.

ಮೊದಲ ಪರಂಪರೆ ಹಳೆಯದು. 1847ರ ಹುಚ್ಚಾಸ್ಪತ್ರೆ 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತೆಂಬುದು ಬೇರೆ ಮಾತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡು, ಮರುವರ್ಷ ವೈದ್ಯಕೀಯ ಮನೋವಿಜ್ಞಾನದ ಶಿಕ್ಷಣ ಆರಂಭವಾಯಿತು. 1974ರಲ್ಲಿ ಎರಡೂ ವಿಲೀನಗೊಂಡು ನಿಮ್ಹಾನ್ಸ್ ಆಯಿತು. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದ 5,024 ಬಂದಿಗಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸಿ ಈ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪರಂಪರೆಗೇ ಸೇರಿದ್ದು.

ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು ಮಾತ್ರ ಎರಡನೆಯದು. 2000ದ ದಶಕದಲ್ಲಿ ಮಂಪರು ಪರೀಕ್ಷೆಯೆಂದರೆ ಬೆಂಗಳೂರು ಎಂಬಂತಾಗಿತ್ತು. ಹೊರರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಸೋಡಿಯಂ ಪೆಂಟೊಥಾಲ್ ಚುಚ್ಚಿ, ಅರೆಪ್ರಜ್ಞೆಯಲ್ಲಿರುವವನನ್ನು ಪ್ರಶ್ನಿಸಲಾಗುತ್ತಿತ್ತು. ಆ ದೃಶ್ಯಗಳು ದೂರದರ್ಶನ ವಾಹಿನಿಗಳಲ್ಲಿ ಬಿತ್ತರಗೊಂಡದ್ದೂ ಉಂಟು. ಮದ್ದಿನ ಅಮಲಿನಲ್ಲಿ ಆಡಿದ ಮಾತೆಲ್ಲ ಸತ್ಯವೆಂಬ ನಂಬಿಕೆಗೆ ವಿಜ್ಞಾನದ ಆಧಾರವಿರಲಿಲ್ಲ. ಆ ಸ್ಥಿತಿಯಲ್ಲಿ ವ್ಯಕ್ತಿ ಪ್ರಶ್ನಿಸುವವನ ಸೂಚನೆಗೂ ಸುಲಭವಾಗಿ ಒಳಗಾಗುತ್ತಾನೆ. ಮಿದುಳಿನ ವಿದ್ಯುತ್ ಅಲೆಗಳಿಂದ ಅಪರಾಧದ ನೆನಪನ್ನು ಗುರುತಿಸುವ ವಿಧಾನವೊಂದನ್ನು ರೂಪಿಸಿದವರು ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನೋವಿಜ್ಞಾನದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್. ಇಂಥ ವಿಧಾನಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಬಾರದೆಂದು 2008ರಲ್ಲಿ ಹೇಳಿದ ತಜ್ಞರ ಸಮಿತಿಯ ಅಧ್ಯಕ್ಷರು ನಿಮ್ಹಾನ್ಸ್‌ನ ಅಂದಿನ ನಿರ್ದೇಶಕ ಡಿ. ನಾಗರಾಜ. ಒಂದೇ ಸಂಸ್ಥೆಯ ಒಡಲಿನಿಂದ ವಾದವೂ ಪ್ರತಿವಾದವೂ ಹುಟ್ಟಿದ್ದು ಗಮನಾರ್ಹ.

ಈ ವಿವಾದವನ್ನು ಬಗೆಹರಿಸಿದ ಮೊಕದ್ದಮೆಯೂ ದಕ್ಷಿಣ ಬೆಂಗಳೂರಿನದೇ. ಕೋರಮಂಗಲ ಪೊಲೀಸ್ ಠಾಣೆಯ ಪ್ರಕರಣವೊಂದರಲ್ಲಿ ಒತ್ತಾಯದ ಪರೀಕ್ಷೆಯನ್ನು 2004ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿದಿತ್ತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಮ್ಮತಿಯಿಲ್ಲದ ಮಂಪರು ಪರೀಕ್ಷೆ, ಸುಳ್ಳುಪತ್ತೆ ಹಾಗೂ ಮಿದುಳಿನ ಪರೀಕ್ಷೆಗಳು ಸಂವಿಧಾನದ 20(3) ಮತ್ತು 21ನೆಯ ವಿಧಿಗಳಿಗೆ ವಿರುದ್ಧವೆಂದಿತು. ಸಮ್ಮತಿಯಿತ್ತು ನಡೆಸಿದರೂ ಪರೀಕ್ಷೆಯ ಫಲಿತಾಂಶ ತಾನೇ ಸಾಕ್ಷ್ಯವಾಗದು. ಅದರಿಂದ ಮುಂದೆ ಪತ್ತೆಯಾದ ಸಂಗತಿಯಷ್ಟೇ ಸಾಕ್ಷ್ಯವಾಗಬಲ್ಲದು.

ಈ ಕ್ಷೇತ್ರವನ್ನು ವೃತ್ತಿಯಾಗಿ ಆರಿಸಿಕೊಳ್ಳುವವರಿಗೆ ಉಳಿದದ್ದು, ಹಾಗೂ ಬೆಳೆದದ್ದು, ಮೊದಲ ಪರಂಪರೆಯ ಕಾರ್ಯವೇ. ಚಿತ್ತಸ್ವಾಸ್ಥ್ಯವಿಲ್ಲದ ಆರೋಪಿಯನ್ನು ಮನೋವೈದ್ಯರ ಅಥವಾ ಚಿಕಿತ್ಸಾ ಮನೋವಿಜ್ಞಾನಿಗಳ ಬಳಿಗೆ ಕಳುಹಿಸಬೇಕೆಂದು 2008ರ ತಿದ್ದುಪಡಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿತು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಘೋರ ಅಪರಾಧದ ಆರೋಪ ಹೊತ್ತ 16ರಿಂದ 18 ವರ್ಷದವರನ್ನು ವಯಸ್ಕರಂತೆ ವಿಚಾರಿಸಬೇಕೇ ಎಂದು ನಿರ್ಧರಿಸುವ ಮೊದಲು ಅವರ ಮಾನಸಿಕ ಸಾಮರ್ಥ್ಯವನ್ನು ಅಳೆಯಬೇಕು. ಮಕ್ಕಳ ಮನೋವಿಜ್ಞಾನ ಬಲ್ಲ ಸದಸ್ಯರು ಬಾಲನ್ಯಾಯ ಮಂಡಳಿಯಲ್ಲಿ ಇಲ್ಲದಿದ್ದರೆ ತಜ್ಞರ ನೆರವು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿದೆ.