ಮುಟ್ಟಿದ್ದು ಗೊತ್ತಾಗಬೇಕಲ್ಲ!

2016ರ ಅಕ್ಟೋಬರ್. ಅಮೆರಿಕದ ಪಿಟ್ಸ್‌ಬರ್ಗ್. ಅಧ್ಯಕ್ಷ ಒಬಾಮಾ ಮುಷ್ಟಿ ಕಟ್ಟಿ ಒಂದು ರೋಬೋಟ್ ಕೈಗೆ ಗುದ್ದುತ್ತಾರೆ. ಪಕ್ಕದ ವೀಲ್‌ಚೇರ್‌ನಲ್ಲಿ ನೇಥನ್ ಕೋಪ್‌ಲ್ಯಾಂಡ್ ಕೂತಿದ್ದಾರೆ. ಹದಿಹರೆಯದಲ್ಲಿ ಕಾರು ಅಪಘಾತ, ಕುತ್ತಿಗೆ ಮುರಿದು ಕೈಕಾಲು ಸ್ವಾಧೀನ ತಪ್ಪಿದವರು. ಆ ರೋಬೋಟ್ ಕೈ ನಡೀತಾ ಇದ್ದಿದ್ದು ಅವರ ಮನಸ್ಸಿನ ಇಚ್ಛೆಯಿಂದ. ನಮ್ಮ ಟಿವಿಯವರಿಗೆ ಇಷ್ಟು ವಿಡಿಯೋ ಸಿಕ್ಕರೆ ಸಾಕು, ಮ್ಯೂಸಿಕ್ ಹಾಕಿ ಓಡಿಸ್ತೀವಿ. ಆದರೆ ನಿಜವಾದ ಸುದ್ದಿ ಬೇರೆ. ಆ ಗುದ್ದು ನೇಥನ್ ಅವರಿಗೆ ತಮ್ಮದೇ ಬೆರಳಿಗೆ ಬಿದ್ದಂತೆ ಗೊತ್ತಾಗುತ್ತಿತ್ತು!

ಕೈ ಆಡಿಸೋ ಕಥೆ ಅದಕ್ಕಿಂತ ಹಳೆಯದು. 2004ರಲ್ಲಿ ಮ್ಯಾಟ್ ನೇಗಲ್ ಎಂಬುವರ ಮಿದುಳಿನ ಮೇಲೆ ಮಾತ್ರೆಯಷ್ಟು ಸಣ್ಣ ಚಿಪ್ ಕೂರಿಸಿದರು, ಅದರಲ್ಲಿ 96 ಎಲೆಕ್ಟ್ರೋಡ್. ಚಾಕು ಇರಿತಕ್ಕೆ ಸಿಕ್ಕಿ ಕೈಕಾಲು ಕಳೆದುಕೊಂಡಿದ್ದ ಅವರು ಯೋಚನೆಯಲ್ಲೇ ಕಂಪ್ಯೂಟರ್ ಕರ್ಸರ್ ಓಡಿಸಿದರು. 2012ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕ್ಯಾಥಿ ಹಚಿನ್ಸನ್ ಎಂಬ ಮಹಿಳೆ ರೋಬೋಟ್ ಕೈಯಿಂದ ಕಾಫಿ ಎತ್ತಿ ಕುಡಿದರು. ಪಾರ್ಶ್ವವಾಯು ಹೊಡೆದು ಸುಮಾರು 15 ವರ್ಷ ಆದ ಮೇಲೆ, ಯಾರ ಸಹಾಯವೂ ಇಲ್ಲದೆ ಕುಡಿದ ಮೊದಲ ಗುಟುಕು. ಆಮೇಲೆ ಅವರ ಮುಖದಲ್ಲಿ ಬಂದ ನಗು ನೋಡಿದರೆ ವಿಜ್ಞಾನ ಯಾಕೆ ಬೇಕು ಅಂತ ಯಾರೂ ಕೇಳಲ್ಲ.

ಆದರೆ ಅವರೆಲ್ಲ ಕಣ್ಣಲ್ಲಿ ನೋಡ್ಕೊಂಡೇ ಕೈ ನಡೆಸಬೇಕಿತ್ತು. ನಾವು ಅನ್ನ ಸಾರು ಕಲಸುವಾಗ ಮೆಣಸಿನಕಾಯಿ ಸಿಕ್ಕಿದ್ದು ಬೆರಳಿಗೇ ಗೊತ್ತಾಗುತ್ತಲ್ಲ, ಅದು ಅವರಿಗಿರಲಿಲ್ಲ. ಇಂಜಿನಿಯರಿಂಗ್‌ನಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಅಂತೀವಿ. ಪಿಟ್ಸ್‌ಬರ್ಗ್ ತಂಡ 2015ರಲ್ಲಿ ನೇಥನ್ ಅವರಿಗೆ ಚಲನೆಯ ಭಾಗಕ್ಕೆ ಚಿಪ್ ಹಾಕಿದ್ದಲ್ಲದೆ ಸ್ಪರ್ಶದ ಭಾಗಕ್ಕೂ ಹಾಕಿತು. ರೋಬೋಟ್ ಬೆರಳು ಒತ್ತಿದರೆ ಸೆನ್ಸರ್ ಹಿಡಿದು ಮಿದುಳಿಗೆ ಸಣ್ಣ ವಿದ್ಯುತ್ ಕಳಿಸುತ್ತೆ, ಅಷ್ಟೇ. 2021ರ ಫಲಿತಾಂಶ ನೋಡಿ: ವಸ್ತು ಎತ್ತಿಡೋಕೆ ಸುಮಾರು 20 ಸೆಕೆಂಡ್ ಬೇಕಿದ್ದದ್ದು 10ಕ್ಕೆ ಇಳಿಯಿತು.

ಅದೇ 2021ರಲ್ಲಿ ಇನ್ನೊಂದು ಘಟನೆ. ಅದು ಅಷ್ಟಾಗಿ ಬ್ರೇಕಿಂಗ್ ನ್ಯೂಸ್ ಆಗಲಿಲ್ಲ. ಓಹಿಯೋದ ಇಯಾನ್ ಬರ್ಕಾರ್ಟ್ 2014ರಿಂದ ಇಂಥದೇ ಚಿಪ್‌ನ ಬಲದಿಂದ ತಮ್ಮ ಸ್ವಂತ ಕೈಯನ್ನೇ ಆಡಿಸುತ್ತಿದ್ದರು, ಅದೂ ಲ್ಯಾಬ್ ಒಳಗೆ ಮಾತ್ರ. ಆ ವರ್ಷ ಚಿಪ್ ತೆಗೆಯಬೇಕಾಯಿತು. ಬಂದಿದ್ದ ಚಲನೆಯೂ ಹೋಯಿತು. ಇವರೆಲ್ಲ ಪ್ರಯೋಗಕ್ಕೆ ತಲೆ ಕೊಟ್ಟವರು, ಅಕ್ಷರಶಃ. ಪ್ರಯೋಗ ಮುಗಿದ ಮರುದಿನ ಅವರ ಜವಾಬ್ದಾರಿ ಯಾರದು? ಬರ್ಕಾರ್ಟ್ ಈಗ ತಮ್ಮಂಥವರನ್ನೆಲ್ಲ ಒಟ್ಟು ಸೇರಿಸಿ ಸಂಘ ಕಟ್ಟಿದ್ದಾರೆ, ಚಿಪ್ ಮಾಡುವವರ ಮುಂದೆ ಕೂತು ಮಾತಾಡ್ತಿದ್ದಾರೆ.