ಸಾವಿತ್ರಿಬಾಯಿ ಬರೆದ ಜೋತಿಬಾ

ಜೋತಿಬಾ ಫುಲೆ ಪುಣೆಯಲ್ಲಿ ತೀರಿಕೊಂಡದ್ದು 1890ರ ನವೆಂಬರ್ 28ರಂದು. ದತ್ತುಮಗ ಯಶವಂತ ಕೊಳ್ಳಿ ಇಡಕೂಡದು ಅಂತ ದಾಯಾದಿಗಳು ತಕರಾರು ತೆಗೆದರಂತೆ. ಆಗ ಮಡಕೆ ಹಿಡಿದು ಹೆಣದ ಮುಂದೆ ನಡೆದವರು ಹೆಂಡತಿ ಸಾವಿತ್ರಿಬಾಯಿ.

ಆಮೇಲೆ ಅವರು ಗಂಡನ ಬದುಕು ಬರೆಯಲು ಕೂತರು. 1892ರಲ್ಲಿ ಬಂದ 'ಬಾವನ್ನಕಶೀ ಸುಬೋಧ ರತ್ನಾಕರ' ಐವತ್ತೆರಡು ಪದ್ಯಗಳ ಮರಾಠಿ ಪುಸ್ತಕ. ಅದರ ಕಟ್ಟೋಣ ನೋಡಿ. ಮೊದಲು ಪೇಶ್ವೆಗಳ ಆಳ್ವಿಕೆ, ಆಮೇಲೆ ಇಂಗ್ಲಿಷರು, ಅದಾದ ಮೇಲೆ ಜೋತಿಬಾ. ಪೇಶ್ವೆ ರಾಜ್ಯ ಮುಗಿದದ್ದು 1818ರಲ್ಲಿ, ಜೋತಿಬಾ ಹುಟ್ಟಿದ್ದು 1827ರಲ್ಲಿ. ನಡುವೆ ಒಂಬತ್ತೇ ವರ್ಷ! ಆ ರಾಜ್ಯ ಹಾಗೇ ಇದ್ದಿದ್ದರೆ 1848ರ ಹೆಣ್ಣುಮಕ್ಕಳ ಶಾಲೆ ಎಲ್ಲಿರುತ್ತಿತ್ತು? ಯಾರ ಕಾಲಡಿಯಿಂದ ಈ ಮನುಷ್ಯ ಎದ್ದು ಬಂದ ಅನ್ನೋದನ್ನ ಹೇಳದೆ ಅವನ ಕಥೆ ಹೇಳೋದು ಹೇಗೆ? ಇಂಗ್ಲಿಷರ ಬಗ್ಗೆ ಅವರ ಮೆಚ್ಚುಗೆ ನಮ್ಮ ಕೆಲವು ಗೆಳೆಯರಿಗೆ ಕಸಿವಿಸಿ. ಪೇಶ್ವೆಗಳ ಪುಣೆಯಲ್ಲಿ ಮಹಾರ್, ಮಾಂಗರ ಪಾಡು ಏನಿತ್ತು ಅಂತ ಓದಿಕೊಂಡು ಬಂದು ಮಾತಾಡಲಿ.

1897ರ ಮಾರ್ಚ್ 10ರಂದು ಸಾವಿತ್ರಿಬಾಯಿ ಪ್ಲೇಗಿಗೆ ಬಲಿಯಾದರು, ರೋಗಿಗಳ ಆರೈಕೆ ಮಾಡುತ್ತಲೇ. ಅವರ ಸಮಗ್ರ ಬರಹ ಮಹಾರಾಷ್ಟ್ರ ಸರ್ಕಾರದ ಪ್ರಕಟಣೆಯಾಗಿ ಬಂದದ್ದು 1988ರಲ್ಲಿ. ತೊಂಬತ್ತೊಂದು ವರ್ಷ ಬೇಕಾಯಿತು.

ಇನ್ನು ನಮ್ಮ ಕೇರಿಗಳು. ಅಪ್ಪ ಸತ್ತರೆ ಎಷ್ಟೋ ಮನೆಗಳಲ್ಲಿ ಒಂದು ಫೋಟೋ ಕೂಡ ಉಳಿದಿರುವುದಿಲ್ಲ. ಶಾಲೆ ಮೆಟ್ಟಿಲು ಹತ್ತಿದವನಿಗೆ ಮೇಷ್ಟ್ರು ಬರೆದುಕೊಂಡ ಹುಟ್ಟಿದ ತಾರೀಖು ಜೂನ್ 1! ಹತ್ತದವನಿಗೆ ಅದೂ ಇಲ್ಲ. ಆದರೆ ಅವ್ವನನ್ನು ಕೂರಿಸಿಕೊಂಡು ಕೇಳಿದರೆ, "ಗಾಂಧಿ ಸತ್ತ ವರ್ಷ ಜೀತಕ್ಕೆ ಬಿಟ್ರು ಕಣಪ್ಪ ನಿಮ್ಮಪ್ಪನ್ನ" ಅಂತಾಳೆ. ಸಿಕ್ಕಿತಲ್ಲ 1948! ಇಂಥ ಲೆಕ್ಕ ಯಾವ ದಾಖಲಾತಿ ಪುಸ್ತಕದಲ್ಲೂ ಇಲ್ಲ.

ಆದ್ದರಿಂದ ನಮ್ಮ ವಿದ್ಯಾರ್ಥಿ ಗೆಳೆಯರು, ಹಳ್ಳಿಯ ಮೇಷ್ಟ್ರುಗಳು ಬರೆಯಲು ಕೂತಾಗ 'ನಮ್ಮ ತಂದೆ ಸಾಧು ಸ್ವಭಾವದವರು' ಅಂತ ಶುರು ಮಾಡುವುದು ಬೇಡ. ಸಾಧು ಆಗಿಯೇ ಇರಬೇಕಾಗಿ ಬಂದದ್ದು ಯಾರ ಹೊಲದಲ್ಲಿ? ಎಷ್ಟು ರೂಪಾಯಿ ಸಾಲಕ್ಕೆ ಎಷ್ಟು ವರ್ಷ ಜೀತ? 1976ರಲ್ಲಿ ಜೀತ ರದ್ದತಿ ಕಾಯಿದೆ ಬಂದಾಗ ಆ ಸುದ್ದಿ ಅವರ ಕಿವಿಗೆ ಬಿತ್ತೋ ಇಲ್ಲವೋ? ಅವ್ವ ಯಾವ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು, ಯಾರಾದರೂ ನೀರು ಹೊಯ್ಯಲಿ ಅಂತ ಕಾಯುತ್ತಿದ್ದಳು? ಜೀತದ ಪತ್ರವೋ ಸಾಲದ ಚೀಟಿಯೋ ಮನೆಯಲ್ಲಿದ್ದರೆ ಅಕ್ಷರ ಬಿಡದೆ ನಕಲು ಮಾಡಿಕೊಳ್ಳಿ. ಅವ್ವಂದಿರು ಇನ್ನೂ ಇರುವಾಗಲೇ ಕೇಳಿ.