ಸಿನಿಮಾ ಹೆಸರಿನ ಜೊತೆ ಥಿಯೇಟರ್ ಹೆಸರೂ ಯಾಕೆ ನೆನಪಿರುತ್ತಿತ್ತು?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಹಾಗಿದ್ರೆ ಮೊದಲು ಒಂದು ಪ್ರಶ್ನೆ. ಹೋದ ವರ್ಷ ಹಾಲ್‌ನಲ್ಲಿ ನೋಡಿದ ಸಿನಿಮಾಗಳನ್ನ ನೆನಪು ಮಾಡ್ಕೊಳ್ಳಿ. ಯಾವ ಸಿನಿಮಾ ಯಾವ ಮಾಲ್‌ನಲ್ಲಿ, ಎಷ್ಟನೇ ಸ್ಕ್ರೀನ್‌ನಲ್ಲಿ ನೋಡಿದ್ರಿ, ಹೇಳೋಕೆ ಆಗುತ್ತಾ? ಕಷ್ಟ ಅಲ್ವಾ?

ಈಗ ಮನೆಯಲ್ಲಿರೋ ಹಿರಿಯರನ್ನ ‘ಬಂಗಾರದ ಮನುಷ್ಯ’ ಎಲ್ಲಿ ನೋಡಿದ್ರಿ ಅಂತ ಕೇಳಿ. ಥಿಯೇಟರ್ ಹೆಸರು, ಕೂತ ಕ್ಲಾಸು, ಜೊತೆಗೆ ಬಂದವರು, ಹೋಗಿದ್ದು ನಡ್ಕೊಂಡೋ ಗಾಡಿಯಲ್ಲೋ, ಎಲ್ಲಾ ಬರುತ್ತೆ. ಐವತ್ತು ವರ್ಷದ ಹಿಂದಿನ ಮಾತು! ನಾನು ಓದಿದ್ದು ಕಾಮರ್ಸ್. ಹಾಗಾಗಿ ಇದರ ಹಿಂದೆ ಏನೋ ಒಂದು ಲೆಕ್ಕ ಇರಬೇಕು ಅನ್ನೋ ಗುಮಾನಿ. ಆ ಲೆಕ್ಕ ಹುಡುಕ್ತಾ ಹೋದ್ರೆ ಸಿಗೋದು ಒಂದು ತಗಡಿನ ಡಬ್ಬ. ರೀಲ್ ಡಬ್ಬ.

ಶುರುವಿನಿಂದ ಬರೋಣ. 1934ರ ಮಾರ್ಚ್ 3. ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸ್‌ನಲ್ಲಿ ‘ಸತಿ ಸುಲೋಚನ’ ತೆರೆಗೆ ಬಂತು. ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ಇದೇ. ನಿರ್ದೇಶನ ವೈ.ವಿ. ರಾವ್, ಪಾತ್ರದಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್. ಚಿತ್ರೀಕರಣ ನಡೆದಿದ್ದು ದೂರದ ಕೊಲ್ಲಾಪುರದಲ್ಲಿ. ಅಲ್ಲಿಂದ ಡಬ್ಬದಲ್ಲಿ ಬಂದ ಪ್ರಿಂಟು ಪರದೆ ಮೇಲೆ ಕನ್ನಡ ಮಾತಾಡ್ತು. ಇವತ್ತು ಆ ಸಿನಿಮಾ ನೋಡ್ತೀನಿ ಅಂದ್ರೆ ಆಗಲ್ಲ. ಅದರ ಪ್ರಿಂಟು ಉಳಿದಿಲ್ಲ. ಅವತ್ತು ಹಾಲ್‌ನಲ್ಲಿ ಕೂತಿದ್ದವರು ನೋಡಿದ್ದಷ್ಟೇ ನೋಡಿದ್ದು.

ಆ ಡಬ್ಬದೊಳಗೆ ಏನಿರ್ತಿತ್ತು? 35 ಎಂ.ಎಂ. ಫಿಲ್ಮ್. ಒಂದು ಸೆಕೆಂಡಿಗೆ 24 ಫ್ರೇಮ್, ಒಂದು ಅಡಿಗೆ 16 ಫ್ರೇಮ್. ಅಂದ್ರೆ ಒಂದು ನಿಮಿಷಕ್ಕೆ 90 ಅಡಿ ಫಿಲ್ಮ್ ಓಡುತ್ತೆ. ಎರಡೂವರೆ ಗಂಟೆ ಸಿನಿಮಾ ಅಂದ್ರೆ 13,500 ಅಡಿ. ಇದನ್ನ ನಕಲು ಮಾಡೋಕೆ ಲ್ಯಾಬ್ ಬೇಕು, ಕಚ್ಚಾ ಫಿಲ್ಮ್ ಬೇಕು, ದುಡ್ಡು ಬೇಕು. ಹಾಗಾಗಿ ಒಂದು ಸಿನಿಮಾಕ್ಕೆ ಕೆಲವೇ ಪ್ರಿಂಟು. ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರು, ಆಮೇಲೆ ತಾಲ್ಲೂಕು ಕೇಂದ್ರ, ಕಟ್ಟಕಡೆಗೆ ಹಳ್ಳಿ ಅಂಚಿನ ಟೆಂಟು.

ಟೆಂಟ್ ಅಂದ್ರೆ ಟೂರಿಂಗ್ ಟಾಕೀಸ್. ಬಟ್ಟೆ ಡೇರೆ, ಒಳಗೆ ಹಗಲು ಬೆಳಕು ನುಗ್ಗುತ್ತೆ. ಅದಕ್ಕೇ ಕತ್ತಲಾಗೋವರೆಗೂ ಆಟ ಇಲ್ಲ. ಸಂಜೆ ಲೌಡ್‌ಸ್ಪೀಕರಲ್ಲಿ ದೇವರ ಹಾಡು ಹಾಕಿದ್ರೆ ಸುತ್ತಲ ಊರಿಗೆಲ್ಲ ಗೊತ್ತಾಗ್ತಿತ್ತು, ಇನ್ನೇನು ಟಿಕೆಟ್ ಕೊಡ್ತಾರೆ ಅಂತ. ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ರೀಲು ಮುಗಿದಾಗಲೆಲ್ಲ ಆಟ ನಿಲ್ತಿತ್ತು, ಲೈಟ್ ಹತ್ತಿಕೊಳ್ತಿತ್ತು. ಇಷ್ಟೊತ್ತಿಗೆ ಪ್ರಿಂಟು ಎಷ್ಟೋ ಊರು ಸುತ್ತಿ ಸವೆದಿರೋದು, ಪರದೆ ತುಂಬ ಮಳೆ ಸುರಿದ ಹಾಗೆ ಗೆರೆ. ಆದ್ರೂ ಜನ ಬರ್ತಿದ್ರು. ಯಾಕಂದ್ರೆ ತಿಂಗಳುಗಟ್ಟಲೆ ಕಾದ ಸಿನಿಮಾ ಅದು.

ಪಟ್ಟಣದಲ್ಲಿ ಇನ್ನೊಂದು ಸರ್ಕಸ್. ಎರಡು ಥಿಯೇಟರಿಗೆ ಒಂದೇ ಪ್ರಿಂಟು ಇದ್ರೆ ಆಟದ ಟೈಮ್ ಹಿಂದೆಮುಂದೆ ಇಡ್ತಿದ್ರು. ಇಲ್ಲಿ ಮುಗಿದ ರೀಲನ್ನ ಒಬ್ಬ ಸೈಕಲ್ ಮೇಲಿಟ್ಟುಕೊಂಡು ಅಲ್ಲಿಗೆ ಓಡಬೇಕು. ಟ್ರಾಫಿಕ್ಕಲ್ಲಿ ಅವನು ಸಿಕ್ಕಿಹಾಕಿಕೊಂಡ್ನೋ, ಅಲ್ಲಿ ಹಾಲ್ ತುಂಬ ಶಿಳ್ಳೆ, ಬೈಗುಳ. ಇವತ್ತಿನ ಬಫರಿಂಗ್ ಅಂದ್ಕೊಳ್ಳಿ, ಆದ್ರೆ ಸಾವಿರ ಜನ ಒಟ್ಟಿಗೆ ಅನುಭವಿಸೋ ಬಫರಿಂಗ್!

ಈ ಲೆಕ್ಕ ಇಟ್ಕೊಂಡು 1972ಕ್ಕೆ ಬನ್ನಿ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯ ಅವರ ನಿರ್ದೇಶನ, ಡಾ. ರಾಜ್‌ಕುಮಾರ್ ಅವರ ರಾಜೀವಪ್ಪ. ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಥಿಯೇಟರಲ್ಲಿ ಎರಡು ವರ್ಷ ಓಡಿತು. ಮುಂದೆ ಭೂಮಿಕಾ ಅಂತ ಹೆಸರು ಬದಲಾಯಿಸಿಕೊಂಡಿದ್ದು ಇದೇ ಥಿಯೇಟರ್. ಎರಡು ವರ್ಷ ಒಂದೇ ಕಟ್ಟಡ, ಒಂದೇ ಸಿನಿಮಾ! ಸಿನಿಮಾ ಚೆನ್ನಾಗಿತ್ತು, ನಿಜ. ಜೊತೆಗೆ, ನೋಡಬೇಕು ಅನ್ನೋರು ಅಲ್ಲಿಗೇ ಬರಬೇಕಿತ್ತು. ಟಿ.ವಿ. ಇನ್ನೂ ಬೆಂಗಳೂರಿಗೆ ಬಂದಿರಲಿಲ್ಲ, ಕ್ಯಾಸೆಟ್ ಇರಲಿಲ್ಲ. ಒಂದು ಸಿನಿಮಾಗೆ ಒಂದು ವಿಳಾಸ ಇತ್ತು. ಹಿರಿಯರ ನೆನಪಲ್ಲಿ ಎರಡೂ ಹೆಸರು ಅಂಟಿಕೊಂಡಿರೋದು ಅದಕ್ಕೇ.

ಈ ವಿಳಾಸದ ಇನ್ನೊಂದು ಗುಣ ನನಗೆ ತುಂಬ ಮುಖ್ಯ ಅನ್ಸುತ್ತೆ. ಹಳೇ ಥಿಯೇಟರಲ್ಲಿ ಗಾಂಧಿ ಕ್ಲಾಸ್ ಇತ್ತು, ಬಾಲ್ಕನಿ ಇತ್ತು. ಪರದೆಯ ಮೂಗಿನಡಿ ಕತ್ತೆತ್ತಿ ಕೂತವನ ಟಿಕೆಟ್ ಅಗ್ಗ, ಮೇಲೆ ಕೂತವರ ಟಿಕೆಟ್ ದುಬಾರಿ. ತಾರತಮ್ಯ ಇರಲಿಲ್ಲ ಅಂತ ನಾನು ಹೇಳ್ತಿಲ್ಲ, ಗೇಟೇ ಬೇರೆ ಬೇರೆ ಇರ್ತಿತ್ತು. ಆದ್ರೂ ಒಂದೇ ಸೂರಿನ ಕೆಳಗೆ, ಒಂದೇ ಆಟಕ್ಕೆ, ಕೂಲಿಯವನೂ ಕಾಲೇಜು ಮೇಷ್ಟ್ರೂ ಇದ್ರು. ಮೊದಲ ಶಿಳ್ಳೆ ಕೆಳಗಿನಿಂದ ಬರ್ತಿತ್ತು, ನಗು ಎರಡೂ ಕಡೆಯಿಂದ. 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ 11 ಪರದೆಯ ಪಿ.ವಿ.ಆರ್. ಶುರುವಾಯ್ತು. ಮಲ್ಟಿಪ್ಲೆಕ್ಸಲ್ಲಿ ಸೀಟು ಮೆತ್ತಗಿದೆ, ಸೌಂಡ್ ಚೆನ್ನಾಗಿದೆ. ಗಾಂಧಿ ಕ್ಲಾಸ್ ಮಾತ್ರ ಇಲ್ಲ. 2017ರಲ್ಲಿ, ಮತ್ತೆ 2025ರಲ್ಲಿ ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕೋಕೆ ಹೊರಟಿದ್ದು, 2025ರ ನಿಯಮಕ್ಕೆ ಹೈಕೋರ್ಟ್ ತಡೆ ಕೊಟ್ಟಿದ್ದು ನಿಮಗೆ ಗೊತ್ತೇ ಇದೆ. ಆ ಜಗಳದ ಒಳಗಿರೋ ಪ್ರಶ್ನೆ ಇಷ್ಟೇ: ಆ ಹಾಲ್‌ಗೆ ಯಾರು ಬರಬಹುದು?

ಡಿಜಿಟಲ್ ಬಂದ ಮೇಲೆ ರೀಲ್ ಡಬ್ಬ ಮಾಯ. ಒಂದೇ ಶುಕ್ರವಾರ ನೂರಾರು ಪರದೆ. ಹಳ್ಳಿಯವರು ತಿಂಗಳುಗಟ್ಟಲೆ ಕಾಯಬೇಕಿಲ್ಲ, ಪರದೆ ಮೇಲೆ ಮಳೆಗೆರೆ ಇಲ್ಲ. ಇದು ಒಳ್ಳೆಯದೇ. ಆದ್ರೆ ವಿಳಾಸ ಚದುರಿಹೋಯ್ತು, ಅವಧಿ ಕುಗ್ಗಿತು. ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ತೆರೆಗೆ ಬಂತು, ನವೆಂಬರ್ 24ಕ್ಕೆ ನಮ್ಮ ಮೊಬೈಲ್‌ಗೆ ಬಂತು. ಲೆಕ್ಕ ಹಾಕಿದ್ರೆ 55 ದಿನ. ಅಷ್ಟು ದೊಡ್ಡ ಹಿಟ್‌ಗೇ ಇಷ್ಟು! ಹಾಗಂತ ಎಲ್ಲ ತಪ್ಪನ್ನೂ ಮಲ್ಟಿಪ್ಲೆಕ್ಸ್ ತಲೆಗೆ ಕಟ್ಟೋದೂ ಸರಿಯಲ್ಲ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಬೆಂಗಳೂರಿನ ಪಿ.ವಿ.ಆರ್.ನಲ್ಲಿ ಒಂದು ವರ್ಷಕ್ಕೂ ಹೆಚ್ಚು ಓಡಿತು. ಮಳೆಯಲ್ಲಿ ನೆನೆದ ಗಣೇಶ್ ಅವರನ್ನ ಅಲ್ಲೇ ನಾಲ್ಕೈದು ಸಲ ನೋಡಿದೋರು ಇವತ್ತಿಗೂ ಆ ಮಾಲ್ ಹೆಸರು ಹೇಳ್ತಾರೆ. ಕಾಯೋದು, ಮತ್ತೆ ಮತ್ತೆ ಹೋಗೋದು ಇದ್ರೆ ಹೊಸ ಕಟ್ಟಡಕ್ಕೂ ನೆನಪು ಅಂಟುತ್ತೆ.

ಹಳೇ ಕಟ್ಟಡಗಳು ಮಾತ್ರ ಒಂದೊಂದೇ ಹೋಗ್ತಿವೆ. ಗಾಂಧಿನಗರದ ಕಪಾಲಿ 2017ರಲ್ಲಿ ಬಾಗಿಲು ಹಾಕ್ತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೇ ದಿನ, ಮೈಸೂರಿನ ಶಾಂತಲಾ 2020ರಲ್ಲಿ. ಸ್ಯಾಂಕಿ ರಸ್ತೆಯ ಕಾವೇರಿ ಶುರುವಾಗಿದ್ದು 1974ರಲ್ಲಿ, 2024ರಲ್ಲಿ ಅದೂ ಮುಗೀತು. ಕಟ್ಟಡ ಕೆಡವಿದಾಗ ಸಿನಿಮಾ ಕಳೆದುಹೋಗಲ್ಲ, ಯೂಟ್ಯೂಬಲ್ಲಿ ಸಿಗುತ್ತೆ. ಯಾವ ಸೀನಿಗೆ ಜನ ಪರದೆ ಕಡೆ ಕಾಸು ಎಸೆದ್ರು, ಯಾವ ಹಾಡಿಗೆ ಒನ್ಸ್ ಮೋರ್ ಅಂತ ಕೂಗಿದ್ರು, ಅದು ಯಾವ ಸರ್ವರ್‌ನಲ್ಲೂ ಇಲ್ಲ. ಇರೋದು ಅಲ್ಲಿ ಕೂತಿದ್ದವರ ತಲೆಯಲ್ಲಿ ಮಾತ್ರ, ಅವರಿಗೆ ಈಗ ಎಪ್ಪತ್ತು, ಎಂಬತ್ತು.

ಅದಕ್ಕೇ ಈ ವಾರ ನಿಮಗೊಂದು ಕೆಲಸ. ಫೋನಿನ ರೆಕಾರ್ಡರ್ ಆನ್ ಮಾಡಿ ಅಜ್ಜಿ ಪಕ್ಕ ಕೂತ್ಕೊಳ್ಳಿ. ಸಿನಿಮಾ ಕಥೆ ಕೇಳಬೇಡಿ, ಅದು ನಮಗೆ ಗೊತ್ತು. ಯಾವ ಟಾಕೀಸು, ಯಾವ ಕ್ಲಾಸು, ಟಿಕೆಟ್ ಎಷ್ಟು, ಜೊತೆಗೆ ಯಾರಿದ್ರು ಅಂತ ಕೇಳಿ. ನಾಲ್ಕೇ ಪ್ರಶ್ನೆ. ಅರ್ಧ ಗಂಟೆ ಬೇಕಾಗುತ್ತೆ, ಟೈಮ್ ಇಟ್ಕೊಂಡು ಹೋಗಿ.